ದೊಡ್ಡವರ ಹೊಗೆಯೇ ಬೇರೆ

ನಾರ್ವೆಯ ಗೈರಾಂಗರ್ ಫಿಯೋರ್ಡ್‌ಗೆ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಕಿರಿದಾದ ಕೊಲ್ಲಿಗೆ, ಕರೆದೊಯ್ಯುವವರ ಜಾಹೀರಾತಿನಲ್ಲಿ ಒಂದು ಮಾತು ತಪ್ಪುವುದಿಲ್ಲ: ಮನುಷ್ಯರ ಕೈ ಸೋಕದ ಪ್ರಕೃತಿ. ಅದನ್ನು ನಂಬಿ ಒಂದೊಂದು ಹಡಗಿನಲ್ಲೂ ಸಾವಿರಾರು ಜನ ಬರುತ್ತಾರೆ. ದಡದ ಊರಿನಲ್ಲಿ ವರ್ಷವಿಡೀ ಇರುವವರು ಕೆಲವೇ ನೂರು ಮಂದಿ. ಕೈ ಸೋಕದ್ದನ್ನು ನೋಡಲು ಇಷ್ಟೊಂದು ಕೈ, ಕೈಗೊಂದು ಫೋನ್.

ಅಷ್ಟು ದೊಡ್ಡ ಹಡಗು ಬೆಟ್ಟಗಳ ನಡುವೆ ನುಗ್ಗುವುದಾದರೂ ಹೇಗೆ? ಹಿಮನದಿಯ ಕೃಪೆ. ಹಿಮಯುಗಗಳಲ್ಲಿ ಮತ್ತೆ ಮತ್ತೆ ಬೆಳೆದ ಮಂಜುಗಡ್ಡೆ, ತಳದಲ್ಲಿ ಕಲ್ಲುಬಂಡೆ ಕಚ್ಚಿಕೊಂಡು ಜಾರುತ್ತಾ, ಹಳೆಯ ನದಿಕಣಿವೆಗಳನ್ನು ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗಿನವರೆಗೆ ಉಜ್ಜಿ ಹಾಕಿತು. ಮಂಜು ಕರಗಿದ ಮೇಲೆ ಸಮುದ್ರ ಒಳಗೆ ಬಂತು. ನಾರ್ವೆಯದೇ ಇನ್ನೊಂದು, ಸೋಗ್ನೆ ಫಿಯೋರ್ಡ್, 200 ಕಿ.ಮೀ.ಗೂ ಜಾಸ್ತಿ ಉದ್ದ, 1,300 ಮೀಟರ್ ಆಳ. ಸಮುದ್ರ ಸೇರುವ ಬಾಯಿಯ ಹತ್ತಿರ ಮಾತ್ರ ಆಳ ಕಡಿಮೆ. ಅಲ್ಲಿಗೆ ಬರುವಷ್ಟರಲ್ಲಿ ಮಂಜು ತೆಳ್ಳಗಾಗಿ ಕೊರೆಯುವ ಕಸುವು ಕಳೆದುಕೊಂಡಿತ್ತು. ಒಟ್ಟಿನಲ್ಲಿ ಹಿಮನದಿ ಹಡಗು ಕಂಪನಿಗಳಿಗೆ ಬಿಟ್ಟಿಯಾಗಿ ಹೂಳೆತ್ತಿ ಕೊಟ್ಟಿದೆ. ಬಿಲ್ ಕೂಡ ಕಳಿಸಿಲ್ಲ.

ಜನ ಸುಮ್ನೆ ಬರುವುದಿಲ್ಲ, ಬಿಡಿ. ಎರಡೂ ಕಡೆ ನೆಟ್ಟಗೆ ಎದ್ದ ಬಂಡೆಗೋಡೆ. ಒಂದು ದಡದಲ್ಲಿ ‘ಏಳು ಸೋದರಿಯರು’ ಜಲಪಾತ, ಎದುರು ದಡದಲ್ಲಿ ಅವರನ್ನು ಮದುವೆಗೆ ಕೇಳುತ್ತಾ ನಿಂತ ಇನ್ನೊಂದು. ಪುಟ್ಟ ದೋಣಿಯಲ್ಲಿ ಹತ್ತಿರ ಹೋದರೆ ಹನಿ ಮುಖಕ್ಕೇ ಬೀಳುತ್ತದೆ. ಆದರೆ ಆ ಗೋಡೆಗಳು ಹಡಗಿನ ಹೊಗೆಯನ್ನೂ ಹೊರಗೆ ಬಿಡುವುದಿಲ್ಲ. ಗಾಳಿ ಬೀಸದ ದಿನ ಅದು ಕಣಿವೆಯಲ್ಲೇ ಮಲಗಿರುತ್ತದೆ. ಫೋಟೋದಲ್ಲಿ ಅದಕ್ಕೆ ‘ಮಂಜು’ ಎಂದು ಲೈಕ್ ಸಿಗಬಹುದು.

2005ರಲ್ಲಿ ಗೈರಾಂಗರ್ ಮತ್ತು ನೇರೊಯ್ ಫಿಯೋರ್ಡ್‌ಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. 2018ರಲ್ಲಿ ನಾರ್ವೆ ಸಂಸತ್ತು ಗಟ್ಟಿಯಾಗಿಯೇ ಹೇಳಿತು: ತಡವಾದರೂ 2026ರೊಳಗೆ ಈ ಪರಂಪರೆಯ ಫಿಯೋರ್ಡ್‌ಗಳಲ್ಲಿ ಪ್ರವಾಸಿ ಹಡಗು ಹೊಗೆ ಬಿಡಕೂಡದು. ಆಮೇಲೆ ಲೆಕ್ಕ ಬದಲಾಯಿತು. ಒಟ್ಟು ಟನ್ನೇಜ್ (ಹಡಗಿನ ಒಳಗಾತ್ರದ ಅಳತೆ) 10,000ಕ್ಕಿಂತ ಕಡಿಮೆ ಇರುವ ಹಡಗುಗಳಿಗೆ ಗಡುವು 2026ರ ಜನವರಿ 1. ಅದಕ್ಕಿಂತ ದೊಡ್ಡವಕ್ಕೆ 2032.

ಕಾರಣವೂ ಇದೆ. ದೊಡ್ಡ ಹಡಗಿಗೆ ಬೇಕಾದ ತಂತ್ರಜ್ಞಾನ ಇನ್ನೂ ತಯಾರಿಲ್ಲವಂತೆ. ನೇರೊಯ್‌ನಲ್ಲಿ 2018ರಿಂದಲೇ ಬ್ಯಾಟರಿ ದೋಣಿ ಸದ್ದಿಲ್ಲದೆ ಓಡಾಡುತ್ತಿದೆ, ಆದರೆ ಅದು ಚಿಕ್ಕದು. ಚಿಕ್ಕವರಿಗೆ ಶಿಸ್ತು ಬೇಗ ಬರುತ್ತದೆ, ಅಲ್ವಾ? ಜಾಸ್ತಿ ಹೊಗೆ ಬಿಡುವವರಿಗೆ ಜಾಸ್ತಿ ಟೈಮ್ ಕೊಡುವುದೇ ನ್ಯಾಯ. ಹಾಗಾಗಿ ಗಡುವಿನ ಭಯ ಇರುವ ಸಣ್ಣ ಹಡಗಿನ ಮಾಲೀಕರಿಗೆ ನನ್ನ ಸಲಹೆ: ಬ್ಯಾಟರಿ ಹುಡುಕುತ್ತಾ ಒದ್ದಾಡಬೇಡಿ. ಇನ್ನೂ ದೊಡ್ಡ ಹಡಗು ಕೊಳ್ಳಿ.