ಬೆದ್‌ಗೆಲರ್ಟ್: ಸಮಾಧಿ ಸರಿ, ನಾಯಿ ಎಲ್ಲಿಂದ ಬಂತು?

ವೇಲ್ಸ್‌ನ ಸ್ನೋಡೋನಿಯಾ ಬೆಟ್ಟಗಳ ನಡುವೆ, ಗ್ಲಾಸ್ಲಿನ್ ಮತ್ತು ಕೊಲ್ವಿನ್ ಹೊಳೆಗಳು ಕೂಡುವಲ್ಲಿ ಬೆದ್‌ಗೆಲರ್ಟ್ ಎಂಬ ಊರಿದೆ. ಹೊಳೆಬದಿಯ ಹುಲ್ಲುಗಾವಲಿನಲ್ಲಿ ನಾಯಿಯ ಸಮಾಧಿ ಅಂತ ಒಂದು ಜಾಗ ತೋರಿಸುತ್ತಾರೆ. ಅರಸ ಲೆವೆಲಿನ್ ಬೇಟೆಯಿಂದ ಬಂದಾಗ ತೊಟ್ಟಿಲು ಮಗುಚಿತ್ತಂತೆ, ನಾಯಿ ಗೆಲರ್ಟ್‌ನ ಬಾಯೆಲ್ಲ ರಕ್ತವಂತೆ. ಮಗುವನ್ನು ತಿಂದಿತೆಂದು ಕತ್ತಿಯಿಂದ ಇರಿದ. ನೋಡಿದರೆ ಮಗು ಕ್ಷೇಮ, ಪಕ್ಕದಲ್ಲಿ ಸತ್ತ ತೋಳ.

ಮುಂಗುಸಿ ನೆನಪಾಯಿತಲ್ಲ? ಆಗಲೇಬೇಕು. ಪಂಚತಂತ್ರದ ಕಥೆ ಪಹ್ಲವಿ (ಇರಾನಿನ ಹಳೆಯ ಭಾಷೆ), ಅರಬ್ಬಿ ದಾಟಿ ಯುರೋಪಿಗೆ ಹೋಗುವಷ್ಟರಲ್ಲಿ ಮುಂಗುಸಿ ನಾಯಿಯಾಗಿತ್ತು. ಮಧ್ಯಯುಗದ ವೆಲ್ಷ್‌ನಲ್ಲೇ 'ರೋಮಿನ ಏಳು ಜ್ಞಾನಿಗಳು' ಕಥಾಗುಚ್ಛದಲ್ಲಿ ಅದು ಸಿಗುತ್ತದೆ. ಅಲ್ಲಿ ಇನ್ನೂ ಹಾವೇ ಇದೆ, ತೋಳವಿಲ್ಲ.

ಈಗ ಹೆಸರಿಗೆ ಬರೋಣ. 'ಬೆದ್' ಅಂದರೆ ಸಮಾಧಿ, ಅದರಲ್ಲಿ ತಕರಾರಿಲ್ಲ. ಎಡವುವುದೆಲ್ಲ 'ಗೆಲರ್ಟ್' ಹತ್ತಿರ. ನಮ್ಮ ಆದೇಶ ಸಂಧಿಯಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುತ್ತದಲ್ಲ, ವೆಲ್ಷ್‌ನಲ್ಲೂ ಸಮಾಸದ ಎರಡನೇ ಪದದ ಕ, ತ, ಪ ಎಷ್ಟೋ ಕಡೆ ಗ, ದ, ಬ ಆಗುತ್ತವೆ. ಆದ್ದರಿಂದ ಗೆಲರ್ಟ್ ಕಂಡೊಡನೆ 'ಕೆಲರ್ಟ್' ಇರಬಹುದೇ ಎಂದು ನೋಡಬೇಕು. ಹಳೆಯ ದಾಖಲೆಗಳಲ್ಲಿ ಇರುವುದೂ ಕ-ಕಾರವೇ. ಮೂಲದಲ್ಲೇ ಗ ಇದ್ದಿದ್ದರೆ ಇದೇ ನಿಯಮದಲ್ಲಿ ಅದು ಉದುರಿಹೋಗಬೇಕು: ಗ್ವಿನ್ನೊ ಎಂಬ ಸಂತನ ಊರು, ಮುಂದೆ 'ಲ್ಲಾನ್' (ಚರ್ಚ್) ಸೇರಿ, ಲ್ಲಾನ್‌ವಿನ್ನೊ ಆದ ಹಾಗೆ. ಅಂದರೆ ಕೆಲರ್ಟ್ ಎಂಬ ಮನುಷ್ಯನ ಸಮಾಧಿ. ಅವನು ಕ್ರೈಸ್ತ ಸಂತ ಅನ್ನುವವರಿದ್ದಾರೆ. 13ನೇ ಶತಮಾನದಲ್ಲಿ ಇಲ್ಲೊಂದು ಅಗಸ್ಟೀನಿಯನ್ ಮಠವಿದ್ದುದು ಖಚಿತ, ಅವನ ಚರಿತ್ರೆ ಮಾತ್ರ ಉಳಿದಿಲ್ಲ. ನಾಯಿಯಿಂದ ಊರಿಗೆ ಹೆಸರು ಬರಲಿಲ್ಲ, ಊರಿನಿಂದಲೇ ನಾಯಿಗೆ ಬಂದದ್ದು.

ಸಮಾಧಿಯ ಕಲ್ಲುಗಳು 18ನೇ ಶತಮಾನದ ಕೊನೆಯವು. ಅಲ್ಲಿನ ಗೋಟ್ ಹೋಟೆಲಿನ ಯಜಮಾನ ಡೇವಿಡ್ ಪ್ರಿಚರ್ಡ್ ಗಿರಾಕಿಗಳಿಗಾಗಿ ಇಡಿಸಿದನೆಂದು ಹೇಳುತ್ತಾರೆ. ವ್ಯಾಪಾರಸ್ಥನ ತಲೆ ಅಂದರೆ ಅದು! 1800ರಲ್ಲಿ ವಿಲಿಯಂ ರಾಬರ್ಟ್ ಸ್ಪೆನ್ಸರ್ ಇದರ ಮೇಲೆ ಪದ್ಯ ಬರೆದ, ಹೈಡನ್ ಅದಕ್ಕೆ ಸಂಗೀತ ಹೊಂದಿಸಿದ. ಆಮೇಲೆ ಕೆಲರ್ಟ್‌ನನ್ನು ಯಾರು ಕೇಳುತ್ತಾರೆ?

ಇಂಥ ಹೆಸರು ಬಿಡಿಸಲು ಕೈಯಲ್ಲಿ ನಿಘಂಟು ಇದ್ದರೆ ಸಾಲದು, ಮೊದಲು ಹಳೆಯ ಬರವಣಿಗೆಯ ರೂಪಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಕೊಳ್ಳಬೇಕು. 'ಲ್ಲಾನ್' ಕಂಡಲ್ಲೆಲ್ಲ ಚರ್ಚ್ ಎಂದು ಅರ್ಥ ಹಚ್ಚುವವರು ಲ್ಲಾನ್‌ಕಾರ್ವನ್‌ನಲ್ಲಿ ಸಿಕ್ಕಿಬೀಳುತ್ತಾರೆ. ಅದರ ಹಳೆಯ ರೂಪ ನಾಂಟ್‌ಕಾರ್ವನ್. 'ನಾಂಟ್' ಅಂದರೆ ಹಳ್ಳ, ಕಣಿವೆ.