ತುಪ್ಪದ ಡಬ್ಬಿ ಅಟ್ಟಕ್ಕೆ ಹೋದ ಮೇಲೂ ಫ್ಯಾಟಿ ಲಿವರ್ ಇಳಿಯಲಿಲ್ಲ

ಸ್ಕ್ಯಾನಿಂಗ್ ರಿಪೋರ್ಟ್ ಮನೆಗೆ ಬಂದ ದಿನ ನಮ್ಮತ್ತೆ ತುಪ್ಪದ ಡಬ್ಬಿ ತೆಗೆದು ಅಟ್ಟದ ಮೇಲಿಟ್ಟರು. ನಮ್ಮನೆಯವರಿಗೆ ಹೊಟ್ಟೆನೋವು ಬಂದಿತ್ತು. ಕಿಡ್ನಿಯಲ್ಲಿ ಕಲ್ಲಿರಬಹುದು ಅಂತ ಸ್ಕ್ಯಾನ್ ಮಾಡಿಸಿದ್ದೆವು. ಕಲ್ಲು ಇರಲಿಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದು ಬರೆದಿತ್ತು. ಡಾಕ್ಟರು ನೋಡಿ, ‘ಎಣ್ಣೆ, ತುಪ್ಪ ಬಿಡಿ. ವಾಕಿಂಗ್ ಮಾಡಿ’ ಎಂದರು. ಅಷ್ಟೇ. ಹೊರಗೆ ದೊಡ್ಡ ಸಾಲಿತ್ತು, ಎದ್ದು ಬಂದೆವು.

ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂದರೆ ಕೊಬ್ಬು ತಿಂದೇ ಸೇರಿರಬೇಕು ಅಲ್ವಾ? ಮನೆಯಲ್ಲಿ ಎಲ್ಲರಿಗೂ ಹಾಗೇ ಅನಿಸಿತು. ನನಗೂ ಅನಿಸಿತು. ಮಾರನೇ ದಿನದಿಂದ ಬೆಳಿಗ್ಗೆ ಬಿಸಿನೀರಿಗೆ 2 ಚಮಚ ಜೇನುತುಪ್ಪ. ಹನ್ನೊಂದು ಗಂಟೆಗೆ ಮೋಸಂಬಿ ಜ್ಯೂಸ್. ಮಧ್ಯಾಹ್ನ ತುಪ್ಪ ಇಲ್ಲದ ಅನ್ನ, ತಿಳಿಸಾರು. ತುಪ್ಪ ಇಲ್ಲವಲ್ಲ ಪಾಪ ಅಂತ ಅತ್ತೆ ಒಂದು ಸೌಟು ಅನ್ನ ಹೆಚ್ಚಿಗೆ ಹಾಕುತ್ತಿದ್ದರು. ಸಂಜೆ ಹಗುರವಾಗಿರಲಿ ಅಂತ ಟೀ ಜೊತೆ 4 ರಸ್ಕ್. ಹೀಗೇ ಎರಡು ತಿಂಗಳು ಕಳೆಯಿತು. ತೂಕ ಒಂದು ಕೆಜಿ ಜಾಸ್ತಿಯಾಯಿತು. ಲಿವರ್‌ಗೆ ಪೆಟ್ಟಾಗಿದೆಯಾ ಅಂತ ರಕ್ತದಲ್ಲಿ ನೋಡುವ ಎಸ್‌ಜಿಪಿಟಿ ಮೊದಲಿಗಿಂತ ಮೇಲೆ ಹೋಯಿತು.

ಆ ಎರಡು ತಿಂಗಳು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಪ್ರೀತಿಯಿಂದ, ಕಷ್ಟಪಟ್ಟು ಪಥ್ಯ ಮಾಡಿದ್ದೆವು. ಮಾಡಿದ್ದೆಲ್ಲ ತಿರುಗುಮುರುಗಾಗಿತ್ತು. ಇದೇ ತಪ್ಪು ಎಷ್ಟು ಮನೆಗಳಲ್ಲಿ ಇವತ್ತೂ ನಡೆಯುತ್ತಿರಬಹುದು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನೊಂದು ನೋವೂ ಇತ್ತು. ಇವರು ಒಂದು ದಿನವೂ ಕುಡಿದವರಲ್ಲ. ನಮ್ಮದು ಸಸ್ಯಾಹಾರಿ ಮನೆ. ಆದರೂ ಸಂಬಂಧಿಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಒಳಗೊಳಗೇ ತಗೊಳ್ತಾರೇನಮ್ಮ?’ ಅಂತ ಕೇಳಿದರು. ಲಿವರ್ ಅಂದ ತಕ್ಷಣ ಜನರಿಗೆ ಬಾಟಲಿಯೇ ನೆನಪಾಗುತ್ತದೆ. ಕುಡಿತದಿಂದ ಲಿವರ್ ಹಾಳಾಗುತ್ತದೆ, ಅದು ನಿಜ. ಆದರೆ ಕುಡಿಯದವರಿಗೂ ಇದು ಬರುತ್ತದೆ. ಈ ಬಗೆಯ ಫ್ಯಾಟಿ ಲಿವರ್‌ಗೆ ಮೊದಲು ‘ಆಲ್ಕೋಹಾಲಿಕ್ ಅಲ್ಲದ’ ಎಂಬ ಹೆಸರೇ ಇತ್ತು. 2023ರಲ್ಲಿ ಬೇರೆ ಬೇರೆ ದೇಶಗಳ ತಜ್ಞರು ಸೇರಿ ಆ ಹೆಸರು ಬದಲಿಸಿದರು. ಈಗ ಅದನ್ನು ಎಂಎಎಸ್‌ಎಲ್‌ಡಿ ಎನ್ನುತ್ತಾರೆ, ಅಂದರೆ ಮೆಟಬಾಲಿಸಂ (ಚಯಾಪಚಯ) ಏರುಪೇರಿಗೆ ಸಂಬಂಧಿಸಿದ ಫ್ಯಾಟಿ ಲಿವರ್. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಬಿಪಿ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಇವುಗಳ ಸಾಲಿಗೇ ಇದೂ ಸೇರಿದ್ದು ಎಂದು ಹೊಸ ಹೆಸರು ಹೇಳುತ್ತದೆ. ಆ ಸಂಬಂಧಿಕರಿಗೆ ಇದನ್ನೆಲ್ಲ ಹೇಳಬೇಕಿತ್ತು. ಅವತ್ತು ನನಗೇ ಗೊತ್ತಿರಲಿಲ್ಲ.

ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಒಂದು ಹಾಳೆ ಕೊಟ್ಟು, ಹಿಂದಿನ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಬಾಯಿಗೆ ಹೋದದ್ದೆಲ್ಲ ಬರೆಯಿರಿ ಎಂದರು. ಬರೆದವಳು ನಾನು. ತಿಂಡಿಗೆ ಚಿತ್ರಾನ್ನ. ಮಧ್ಯಾಹ್ನ ಮೂರು ಸಲ ಬಡಿಸಿಕೊಂಡ ಅನ್ನ. ಸಂಜೆ ಮಂಡಕ್ಕಿ. ರಾತ್ರಿ ಒಂದು ಮುದ್ದೆ, ಅದರ ಮೇಲೆ ಮತ್ತೆ ಅನ್ನ, ಕೊನೆಗೆ ಮೊಸರನ್ನ. ನಡುವೆ 2 ಚಮಚ ಸಕ್ಕರೆಯ 4 ಟೀ. ಬೇಳೆ ಕಂಡಿದ್ದು ಸಾರಿನಲ್ಲಿ ಮಾತ್ರ, ಅದೂ ತಳದಲ್ಲಿ. ಪಲ್ಯ ಉಪ್ಪಿನಕಾಯಿಯ ಅಳತೆಯಲ್ಲಿತ್ತು. ಹಾಳೆ ಓದಿ ಡಾಕ್ಟರು ಕೇಳಿದರು: ‘ಇದರಲ್ಲಿ ಅಕ್ಕಿ ಎಷ್ಟು ಸಲ ಬಂದಿದೆ ಎಣಿಸಿ ನೋಡಿ.’ ಮಂಡಕ್ಕಿಯೂ ಅಕ್ಕಿಯೇ ಅಂತ ನನಗೆ ಹೊಳೆದಿದ್ದು ಆಗ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು ನಾನು!

ಲಿವರ್‌ಗೆ ಕೊಬ್ಬು ಎಲ್ಲಿಂದ ಬರುತ್ತದೆ? ಅಮೆರಿಕದ ಸಂಶೋಧಕರು ಇದನ್ನು ಅಳೆದು 2005ರಲ್ಲಿ ಪ್ರಕಟಿಸಿದ್ದಾರೆ. ಅವರು ನೋಡಿದ ರೋಗಿಗಳು ಕೆಲವೇ ಮಂದಿ, ಎಲ್ಲರೂ ದಪ್ಪಗಿದ್ದವರು. ಅವರ ಲಿವರ್‌ನಲ್ಲಿದ್ದ ಕೊಬ್ಬಿನಲ್ಲಿ ಸುಮಾರು 59% ಮೈಯಲ್ಲಿ ಮೊದಲೇ ಶೇಖರವಾಗಿದ್ದ ಕೊಬ್ಬಿನಿಂದ ಬಂದಿತ್ತು. 26% ಅನ್ನು ಲಿವರ್ ತಾನೇ ತಯಾರು ಮಾಡಿಕೊಂಡಿತ್ತು, ಮುಖ್ಯವಾಗಿ ಸಕ್ಕರೆ ಮತ್ತು ಪಿಷ್ಟದಿಂದ. ಊಟದ ಕೊಬ್ಬು ನೇರವಾಗಿ ಹೋಗಿ ಸೇರಿದ್ದು 15% ಮಾತ್ರ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮಾತನ್ನು ದೇಹ ಸರಿಯಾಗಿ ಕೇಳದಿದ್ದಾಗ, ಬೊಜ್ಜಿನಿಂದ ಕೊಬ್ಬಿನಾಮ್ಲ ಸೋರಿ ಲಿವರ್‌ಗೆ ಬರುತ್ತಲೇ ಇರುತ್ತದೆ. ಜೊತೆಗೆ ಅನ್ನ, ಸಕ್ಕರೆ ಅಗತ್ಯಕ್ಕಿಂತ ಜಾಸ್ತಿ ಬಂದರೆ ಅದನ್ನೂ ಲಿವರ್ ಕೊಬ್ಬಾಗಿ ಬದಲಿಸಿ ಇಟ್ಟುಕೊಳ್ಳುತ್ತದೆ.

ಹಾಗಂತ ತುಪ್ಪ ಎಷ್ಟಾದರೂ ಸುರಿದುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. 2018ರಲ್ಲಿ ಪ್ರಕಟವಾದ ಫಿನ್ಲೆಂಡಿನ ಒಂದು ಅಧ್ಯಯನ ಓದಿದ ಮೇಲೆ ನನ್ನ ಉತ್ಸಾಹವೂ ಸ್ವಲ್ಪ ತಣ್ಣಗಾಯಿತು. ತೂಕ ಜಾಸ್ತಿ ಇದ್ದ 38 ಜನರಿಗೆ 3 ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಬೆಣ್ಣೆ, ತೆಂಗಿನೆಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬು ತಿಂದವರ ಲಿವರ್ ಕೊಬ್ಬು 55% ಏರಿತು. ಸಕ್ಕರೆ ತಿಂದವರದು 33%. ಬೀಜಗಳು, ಆಲಿವ್ ಎಣ್ಣೆಯಂಥವು ತಿಂದವರದು 15%. ಅಂದರೆ ಹೊಟ್ಟೆ ತುಂಬಿದ ಮೇಲೂ ತಿಂದರೆ ಬೆಣ್ಣೆಯೂ ಬಿಡುವುದಿಲ್ಲ, ಸಕ್ಕರೆಯೂ ಬಿಡುವುದಿಲ್ಲ. ಬೇಕರಿಯ ಪಫ್, ಖಾರಾ ಬಿಸ್ಕತ್ತು, ಕ್ರೀಮ್ ಬನ್ನಿನಲ್ಲಿ ಮೈದಾ, ಸಕ್ಕರೆ, ಡಾಲ್ಡಾ ಅಥವಾ ಪಾಮ್ ಎಣ್ಣೆ ಎಲ್ಲ ಒಟ್ಟಿಗೇ ಸಿಗುತ್ತವೆ. ನಮ್ಮ ಮನೆಗೆ ಈಗ ಬೇಕರಿ ಪೊಟ್ಟಣ ಬರುವುದಿಲ್ಲ. ಅನ್ನದ ಮೇಲಿನ ಒಂದು ಚಮಚ ತುಪ್ಪ ವಾಪಸ್ ಬಂದಿದೆ.

ಸಕ್ಕರೆ ವಿಷಯದಲ್ಲಿ ಮಾತ್ರ ನಾನು ಬಹಳ ಗಟ್ಟಿ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯೆಲ್ಲ ಬಳಸಿಕೊಳ್ಳುತ್ತದೆ. ಫ್ರಕ್ಟೋಸಿನ ಹೆಚ್ಚಿನ ಹೊರೆ ಬೀಳುವುದು ಲಿವರ್ ಮೇಲೆ. ಬೆಲ್ಲ ಒಳ್ಳೆಯದಲ್ವಾ, ಜೇನು ಒಳ್ಳೆಯದಲ್ವಾ ಎಂದು ಕೇಳುತ್ತಾರೆ. ಲಿವರ್ ಮಟ್ಟಿಗೆ ಅವೂ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳಿದಾಗ ಜೇನನ್ನೂ ಹಣ್ಣಿನ ಜ್ಯೂಸನ್ನೂ ಆ ಲೆಕ್ಕಕ್ಕೇ ಸೇರಿಸಿತು. ದಿನಕ್ಕೆ ಸುಮಾರು 25 ಗ್ರಾಂ, ಅಂದರೆ 6 ಚಮಚದ ಒಳಗಿದ್ದರೆ ಒಳ್ಳೆಯದು ಎಂದಿತು. ನಮ್ಮ ಮನೆಯ ಪಥ್ಯದಲ್ಲಿ ಟೀಯಲ್ಲೇ 8 ಚಮಚ ಹೋಗುತ್ತಿತ್ತು. ಜೇನು, ಮೋಸಂಬಿ ಜ್ಯೂಸ್ ಬೇರೆ! ಹಣ್ಣು ಇಡಿಯಾಗಿ ತಿನ್ನುವುದಕ್ಕೆ ಅಡ್ಡಿಯಿಲ್ಲ. ಮೋಸಂಬಿ ಸುಲಿದು ತಿಂದರೆ ಒಂದಕ್ಕೆ ಸಾಕು ಅನಿಸುತ್ತದೆ. ಒಂದು ಲೋಟ ಜ್ಯೂಸಿಗೆ ಮೂರು ಬೇಕು, ನಾರೆಲ್ಲ ಕಸಕ್ಕೆ ಹೋಗುತ್ತದೆ.

ಇನ್ನು ಮುದ್ದೆ. ಇದನ್ನು ಬರೆದರೆ ಬೈಸಿಕೊಳ್ಳುತ್ತೇನೇನೋ, ಆದರೂ ಬರೆಯುತ್ತೇನೆ. ಅನ್ನ ಬಿಟ್ಟು ಮುದ್ದೆ ತಿಂದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ 67 ಗ್ರಾಂ. ರಾಗಿಯಲ್ಲಿ ನಾರು 11 ಗ್ರಾಂ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ಹಾಗಾಗಿ ರಾಗಿ ಖಂಡಿತ ಮೇಲು. ಆದರೆ ಎರಡು ದೊಡ್ಡ ಮುದ್ದೆ ತಿಂದು ಮೇಲೆ ಅನ್ನವನ್ನೂ ಉಂಡರೆ ಏನು ಕಡಿಮೆ ಮಾಡಿದ ಹಾಗಾಯಿತು? 2025ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಅಧ್ಯಯನದ ಪ್ರಕಾರ ನಮ್ಮ ದೇಶದವರ ಕ್ಯಾಲೊರಿಯಲ್ಲಿ ಸುಮಾರು 62% ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ. ಪ್ರೋಟೀನಿನಿಂದ ಬರುವುದು 12% ಅಷ್ಟೇ. ಒಟ್ಟು ಅಳತೆ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಂದರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವಂತೆ ಕಾಣಲಿಲ್ಲ ಅಂತಲೂ ಅದು ಹೇಳುತ್ತದೆ. ನನಗೆ ಬಹಳ ಮುಖ್ಯ ಅನಿಸಿದ ಮಾತು ಇದು.

ನಾವು ಮಾಡಿದ್ದು ದೊಡ್ಡದೇನಲ್ಲ. ಬಡಿಸುವ ಕ್ರಮ ತಿರುಗಿಸಿದೆವು. ಮೊದಲು ಕೋಸಂಬರಿ ಅಥವಾ ಪಲ್ಯ, ಒಂದು ಬಟ್ಟಲು ತುಂಬ. ಆಮೇಲೆ ಕಾಳು. ನಮ್ಮ ಬಸ್ಸಾರು ಇದಕ್ಕೆ ಹೇಳಿ ಮಾಡಿಸಿದ ಅಡುಗೆ. ಸೊಪ್ಪು ಕಾಳು ಬೇಯಿಸಿ ಬಸಿದು, ಕಟ್ಟಿನಲ್ಲಿ ಸಾರು, ಬಸಿದದ್ದರಲ್ಲಿ ಪಲ್ಯ. ಮೊದಲು ಆ ಪಲ್ಯ ಮನೆಯಲ್ಲಿ ಮಿಕ್ಕುತ್ತಿತ್ತು, ಈಗ ಅದೇ ಮೊದಲು ಖಾಲಿ. ಹುರುಳಿ, ಹೆಸರು, ಅವರೆ, ಅಲಸಂದೆ ಸರದಿಯ ಮೇಲೆ ಬರುತ್ತವೆ. ರಾತ್ರಿ ಒಂದು ಸಣ್ಣ ಮುದ್ದೆ ಅಥವಾ ಎರಡು ಜೋಳದ ರೊಟ್ಟಿ. ಎರಡರಲ್ಲಿ ಒಂದು, ಮೇಲೆ ಅನ್ನ ಇಲ್ಲ. ಟೀ ಎರಡಕ್ಕೆ ಇಳಿಯಿತು, ಸಕ್ಕರೆ ಇಲ್ಲದೆ. ಮಂಡಕ್ಕಿ ಭಾನುವಾರ ಮಾತ್ರ. ಊಟ ಎಂಟು ಗಂಟೆಗೆ. ಬೆಳಿಗ್ಗೆ ಮುಕ್ಕಾಲು ಗಂಟೆ ನಡಿಗೆ.

ಅತ್ತೆಯನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ‘ದುಡಿದು ಬಂದ ಗಂಡಸಿಗೆ ಇಷ್ಟೇನಾ ಅನ್ನ?’ ಅಂತ ಕಣ್ಣೀರು ಹಾಕಿದರು. ತಪ್ಪು ಅವರದಲ್ಲ. ಅನ್ನಕ್ಕೆ ಪರದಾಡಿದ ಕಾಲ ಕಂಡವರು ಅವರು. ಅವರ ಪ್ರೀತಿ ಇಳಿಯುತ್ತಿದ್ದುದು ಸೌಟಿನಿಂದಲೇ. ‘ಅತ್ತೆ, ಅನ್ನದ ಬದಲು ನಿಮ್ಮ ಕೈಯಿಂದ ಪಲ್ಯ ಬಡಿಸಿ’ ಅಂದೆ. ಒಂದು ವಾರ ಬಿಟ್ಟು ಒಪ್ಪಿಕೊಂಡರು.

78 ಕೆಜಿ ಇದ್ದವರು 8 ತಿಂಗಳಲ್ಲಿ 72ಕ್ಕೆ ಬಂದರು. ತೂಕ 5% ಇಳಿದರೆ ಲಿವರ್ ಕೊಬ್ಬು ಕರಗತೊಡಗುತ್ತದೆ, 7ರಿಂದ 10% ಇಳಿದರೆ ಉರಿಯೂತವೂ ಕಡಿಮೆಯಾಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಈಗ ರಿಪೋರ್ಟಿನಲ್ಲಿ ಗ್ರೇಡ್ 1. ಎಸ್‌ಜಿಪಿಟಿ ನಾರ್ಮಲ್. ಆದರೆ ಎಸ್‌ಜಿಪಿಟಿ ನಾರ್ಮಲ್ ಇದ್ದವರಲ್ಲೂ ಲಿವರ್ ಗಟ್ಟಿಯಾಗುತ್ತಿರಬಹುದು. ಅದನ್ನು ನೋಡಲು ಫೈಬ್ರೋಸ್ಕ್ಯಾನ್ ಮಾಡಿಸಿದೆವು. ಬಚಾವ್.

ಈ ನಡುವೆ ‘ಲಿವರ್ ಡಿಟಾಕ್ಸ್’ ಪುಡಿ ತಂದುಕೊಟ್ಟವರು ಮೂವರು. ಒಂದನ್ನೂ ಬಳಸಲಿಲ್ಲ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದ ಕೆಲವರ ಲಿವರ್‌ಗೆ ಪೆಟ್ಟು ಬಿದ್ದಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಒಳಗೆ ಏನಿದೆ ಅಂತ ಬರೆಯದ ಪುಡಿಯನ್ನು ಮೊದಲೇ ಸೋತ ಲಿವರ್‌ಗೆ ಹಾಕಲು ನನಗಂತೂ ಧೈರ್ಯ ಬರಲಿಲ್ಲ.

ತೆಳ್ಳಗಿದ್ದೇನೆ, ನನಗೇನೂ ಇಲ್ಲ ಅನ್ನುವವರಿಗೂ ಒಂದು ಮಾತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಬಂತು. ಅಲ್ಲಿ ಫ್ಯಾಟಿ ಲಿವರ್ ಸಿಕ್ಕವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ತೂಕವೂ ಹೆಚ್ಚಿರಲಿಲ್ಲ, ಹೊಟ್ಟೆಯೂ ಬಂದಿರಲಿಲ್ಲ. ಹೈದರಾಬಾದಿನಲ್ಲಿ ದಿನವಿಡೀ ಕುರ್ಚಿ ಮೇಲೆ ಕೂರುವ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿದಾಗ 84% ಜನರಿಗೆ ಇದು ಕಂಡಿತು. ಆ ವರದಿ 2025ರದು. ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಅವತ್ತೇ ಫೋನ್ ಮಾಡಿದೆ.

ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಅನ್ನುತ್ತಾರೆ. ಪ್ರತಿ ತಿಂಗಳು ಇವರದನ್ನು ಟೇಪ್ ಹಿಡಿದು ಅಳೆಯುವವಳು ನಾನೇ. ಮೊನ್ನೆ ಅವರೇ ಟೇಪ್ ಕಿತ್ತುಕೊಂಡು, ‘ನಿನ್ನದೂ ನೋಡೋಣ ಬಾ’ ಎಂದರು. 86 ಬಂತು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳು ನಾನು. ಪಲ್ಯ ಅಷ್ಟರಲ್ಲಿ ಮುಗಿದಿರುತ್ತದೆ. ಪಾತ್ರೆಯಲ್ಲಿ ಉಳಿದ ಅನ್ನ ಚೆಲ್ಲಬಾರದು ಅಂತ ಅದಕ್ಕೇ ಸಾರು ಕಲಸಿಕೊಂಡು ತಿನ್ನುತ್ತೇನೆ. ಇವರ ತಟ್ಟೆಯಿಂದ ಕಡಿಮೆಯಾದ ಅನ್ನ 8 ತಿಂಗಳಿಂದ ನನ್ನ ತಟ್ಟೆಗೇ ಬರುತ್ತಿತ್ತು. ಈಗ ಅರ್ಧ ಪಾವು ಅಕ್ಕಿ ಕಡಿಮೆ ಹಾಕುತ್ತಿದ್ದೇನೆ, ನನ್ನ ಪಾಲಿನ ಪಲ್ಯ ಮೊದಲೇ ತೆಗೆದಿಡುತ್ತೇನೆ. ಸೋಮವಾರ ನನ್ನ ಸ್ಕ್ಯಾನ್ ಇದೆ.