ಮಿನೆಸೋಟಾದಲ್ಲಿ ಚಳಿ ಬಿಟ್ಟು ಏನಿದೆ ಅಂದವರಿಗೆ

ನಿನ್ನೆ ಇಲ್ಲಿ, ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ, ನಮ್ಮ ಕನ್ನಡಿಗರ ರಾಜ್ಯೋತ್ಸವದ ಊಟ ಇತ್ತು. ಹೊಟ್ಟೆ ತುಂಬಿತು, ತಲೆ ಕೆಟ್ಟಿತು. ಅಡುಗೆಯವರ ತಪ್ಪೇನೂ ಇಲ್ಲ, ಬಿಸಿಬೇಳೆಬಾತ್ ಚೆನ್ನಾಗಿಯೇ ಇತ್ತು. ಕ್ಯಾಲಿಫೋರ್ನಿಯಾದಿಂದ ಒಬ್ಬರು ಅತಿಥಿ ಬಂದಿದ್ದರು, ಯಾರದೋ ಷಡ್ಡಕ. ಪಾಯಸದ ಬಟ್ಟಲು ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿ, "ಅಲ್ಲಾ ಸಾರ್, ಚಳಿ ಬಿಟ್ರೆ ನಿಮ್ಮ ಮಿನೆಸೋಟಾದಲ್ಲಿ ಏನಿದೆ? ಹೊಸದು ಏನೇ ಹುಟ್ಟಿದ್ರೂ ನಮ್ಮ ಕಡೆನೇ" ಅಂದರು. ನಮ್ಮ ಕಡೆ ಅಂತೆ! ಅವರು ಅಲ್ಲಿಗೆ ಹೋಗಿ ಮನೆ ಸಾಮಾನಿನ ಡಬ್ಬ ಕೂಡ ಇನ್ನೂ ಪೂರ್ತಿ ಬಿಚ್ಚಿಲ್ಲ.

ಅವರು ಅಂದಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಬೇಜಾರಾಗಿದ್ದು ಅಲ್ಲಿದ್ದ ನಮ್ಮವರೇ ಹಲ್ಲು ಕಿರಿದಿದ್ದಕ್ಕೆ. "ಹೌದು ಸಾರ್, ನಾವೂ ಇನ್ನೆರಡು ವರ್ಷ ಅಷ್ಟೇ, ಆಮೇಲೆ ಅಲ್ಲಿಗೇ ಬರೋದು" ಅಂದರು. ಇದನ್ನು ಹೇಳಿದವರು ಇಲ್ಲೇ ಮನೆ ತಗೊಂಡು, ಇಲ್ಲೇ ಮಕ್ಕಳನ್ನು ಓದಿಸಿದವರು. ತಾವಿರುವ ಊರಿನ ಬಗ್ಗೆ ಕ್ಷಮೆ ಕೇಳುವ ಹಾಗೆ ಮಾತಾಡೋದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ತಮಾಷೆ ಏನು ಗೊತ್ತಾ? ಅವರು ಆ ಮಾತು ಆಡುವಾಗ ಪಕ್ಕದ ಮೇಜಿನ ಮೇಲೆ ಒಂದು ಪಾತ್ರೆ ಇತ್ತು. ಅದರ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ "ಖಾರ ಕಮ್ಮಿ, ಮಕ್ಕಳಿಗೆ" ಅಂತ ಬರೆದಿದ್ದರು. ಆ ಟೇಪ್ ಹುಟ್ಟಿದ್ದು ಇಲ್ಲಿ. ಸೇಂಟ್ ಪಾಲ್‌ನಲ್ಲಿ, 1925ರಲ್ಲಿ.

ಕಥೆ ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಆ ಟೇಪ್ ಮಾಡಿದ ಕಂಪನಿ ತ್ರೀಎಂ, ಅಂದರೆ ಮಿನೆಸೋಟಾ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್. 1902ರಲ್ಲಿ ಟೂ ಹಾರ್ಬರ್ಸ್ ಎಂಬ ಊರಲ್ಲಿ ಐದು ಜನ ಸೇರಿ ಶುರು ಮಾಡಿದ್ದು. ನೆಲದಲ್ಲಿ ಕೊರಂಡಮ್ ಅನ್ನುವ ಗಟ್ಟಿ ಖನಿಜ ಇದೆ, ಅಗೆದು ಉಜ್ಜುವ ಕಲ್ಲು ಮಾಡುವವರಿಗೆ ಮಾರೋಣ ಅಂದುಕೊಂಡರು. ಅಗೆದು ನೋಡಿದರೆ ಅದು ಕೊರಂಡಮ್ಮೇ ಅಲ್ಲ, ಕೆಲಸಕ್ಕೆ ಬಾರದ ಬೇರೆ ಕಲ್ಲು. ಮುಚ್ಚಿಕೊಂಡು ಹೋಗಬೇಕಾದ ಕಂಪನಿ. ಹೋಗಲಿಲ್ಲ. ಸ್ಯಾಂಡ್ ಪೇಪರ್, ನಮ್ಮ ಬಡಗಿಗಳ ಉಪ್ಪುಕಾಗದ, ಅದನ್ನು ಮಾಡಿ ಹೇಗೋ ಉಸಿರು ಹಿಡಿದುಕೊಂಡರು. ಅಲ್ಲಿ ರಿಚರ್ಡ್ ಡ್ರೂ ಅಂತ ಒಬ್ಬ ಹುಡುಗ ಕೆಲಸಕ್ಕಿದ್ದ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು. ಮೊದಲು ಬ್ಯಾಂಜೋ ಬಾರಿಸಿ ದುಡ್ಡು ಮಾಡುತ್ತಿದ್ದವನು. ಕಾರಿಗೆ ಬಣ್ಣ ಹೊಡೆಯುವ ಶೆಡ್ಡುಗಳಿಗೆ ಸ್ಯಾಂಡ್ ಪೇಪರ್ ಸ್ಯಾಂಪಲ್ ತಗೊಂಡು ಹೋಗೋದು ಅವನ ಕೆಲಸ. ಆಗ ಕಾರಿಗೆ ಎರಡು ಬಣ್ಣ ಹೊಡೆಸುವ ಶೋಕಿ ಶುರುವಾಗಿತ್ತು. ಒಂದು ಬಣ್ಣ ಒಣಗಿದ ಮೇಲೆ ಅದಕ್ಕೆ ಕಾಗದ ಅಂಟಿಸಿ ಇನ್ನೊಂದು ಬಣ್ಣ ಹೊಡೆಯೋದು, ಆಮೇಲೆ ಕಾಗದ ಕಿತ್ತರೆ ಜೊತೆಗೆ ಬಣ್ಣವೂ ಕಿತ್ತು ಬರೋದು. ಪೇಂಟರ್ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ಡ್ರೂ ಅದನ್ನು ನಿಂತು ಕೇಳಿಸಿಕೊಂಡ.

ಅಷ್ಟೇ. ಈ ರಾಜ್ಯದ ಕಥೆಯೆಲ್ಲಾ ನನ್ನ ಪ್ರಕಾರ ಅಲ್ಲೇ ಇದೆ. ಬೈಗುಳ ಕೇಳಿಸಿಕೊಂಡು ಸ್ಯಾಂಡ್ ಪೇಪರ್ ಕೊಟ್ಟು ಸುಮ್ನೆ ವಾಪಸ್ ಬರಬಹುದಿತ್ತು. ಬರಲಿಲ್ಲ, "ನಾನು ಮಾಡಿಕೊಡ್ತೀನಿ" ಅಂದ. ಹೇಗೆ ಮಾಡೋದು ಅಂತ ಅವನಿಗೂ ಗೊತ್ತಿರಲಿಲ್ಲ. ಎರಡು ವರ್ಷ ಒದ್ದಾಡಿದ. ಆಗ ಕಂಪನಿ ನಡೆಸುತ್ತಿದ್ದ ಮೆಕ್‌ನೈಟ್, "ಇದನ್ನು ಬಿಟ್ಟು ನಿನ್ನ ಕೆಲಸ ನೋಡು" ಅಂತ ಹೇಳಿದ್ದೂ ಆಯಿತು. ಡ್ರೂ ಕದ್ದುಮುಚ್ಚಿ ಮುಂದುವರಿಸಿದ. ಯಂತ್ರ ತರಿಸಲು ದುಡ್ಡು ಬೇಕಲ್ಲ? ನೂರು ಡಾಲರ್ ತನಕ ಯಾರನ್ನೂ ಕೇಳದೆ ಖರ್ಚು ಮಾಡಬಹುದಿತ್ತಂತೆ, ಅದಕ್ಕೆ 99 ಡಾಲರಿನ ಬಿಲ್ಲುಗಳನ್ನು ಒಂದರ ಹಿಂದೆ ಒಂದು ಬರೆದನಂತೆ. ನಮ್ಮ ಆಫೀಸಿನಲ್ಲಿ ಹೀಗೆ ಮಾಡಿದರೆ ಆಡಿಟ್‌ನವರು ಸಂಜೆಯೊಳಗೆ ಲ್ಯಾಪ್‌ಟಾಪ್ ಕಿತ್ತುಕೊಳ್ಳುತ್ತಾರೆ. ಐದು ವರ್ಷದ ನಂತರ, 1930ರಲ್ಲಿ, ಅದೇ ಮನುಷ್ಯ ಪಾರದರ್ಶಕ ಟೇಪ್ ಮಾಡಿದ. ಆರ್ಥಿಕ ಕುಸಿತದ ಕಾಲ. ಹರಿದಿದ್ದನ್ನು ಎಸೆದು ಹೊಸದು ತರಲು ಯಾರ ಹತ್ತಿರವೂ ದುಡ್ಡಿಲ್ಲ, ಎಲ್ಲರೂ ಅಂಟಿಸಿಕೊಂಡು ಬದುಕಿದರು.

ಇದನ್ನು ನಿನ್ನೆ ಹೇಳಲು ಹೋದೆ. "ಟೇಪಾ?" ಅಂತ ನಕ್ಕರು. ಟೇಪ್ ಅಂದರೆ ನಗು, ಆ್ಯಪ್ ಅಂದರೆ ಗೌರವ!

ಆಮೇಲೆ ಆ ಅತಿಥಿ ಗ್ಯಾರೇಜಿನ ಪುರಾಣ ಶುರು ಮಾಡಿದರು. ದೊಡ್ಡ ಕಂಪನಿಗಳೆಲ್ಲಾ ಕ್ಯಾಲಿಫೋರ್ನಿಯಾದ ಗ್ಯಾರೇಜಿನಲ್ಲಿ ಹುಟ್ಟಿದವು, ಆ ಗಾಳಿಯೇ ಬೇರೆ, ಇತ್ಯಾದಿ. ಸ್ವಾಮಿ, ಗ್ಯಾರೇಜು ಇಲ್ಲೂ ಇದೆ. ಮಿನಿಯಾಪೊಲಿಸ್‌ನ ಈಶಾನ್ಯ ಭಾಗದಲ್ಲಿ 1949ರಲ್ಲಿ ಅರ್ಲ್ ಬ್ಯಾಕೆನ್ ಅನ್ನುವವರು ತಮ್ಮ ನೆಂಟ ಪಾಮರ್ ಹರ್ಮಂಡ್ಸ್‌ಲಿ ಜೊತೆ ಸೇರಿ ಗ್ಯಾರೇಜಿನಲ್ಲಿ ಆಸ್ಪತ್ರೆಯ ಯಂತ್ರಗಳ ರಿಪೇರಿ ಅಂಗಡಿ ಇಟ್ಟರು. ಹೆಸರು ಮೆಡ್‌ಟ್ರಾನಿಕ್. ಮೊದಲ ತಿಂಗಳ ಆದಾಯ 8 ಡಾಲರ್. ರಿಪೇರಿಗೆ ಅಂತ ಆಪರೇಷನ್ ಥಿಯೇಟರಿಗೂ ಹೋಗಿ ಬರುತ್ತಿದ್ದರು. ಆ ಕಾಲದಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ವಾಲ್ಟನ್ ಲಿಲಹೈ ಹುಟ್ಟಿನಿಂದಲೇ ಹೃದಯದಲ್ಲಿ ದೋಷ ಇರುವ ಮಕ್ಕಳಿಗೆ ಆಪರೇಷನ್ ಮಾಡುತ್ತಿದ್ದರು. ಕೆಲವು ಮಕ್ಕಳಿಗೆ ಆಪರೇಷನ್ ಆದ ಮೇಲೆ ಹೃದಯದ ಬಡಿತ ತಪ್ಪುತ್ತಿತ್ತು, ವಿದ್ಯುತ್ ಕೊಟ್ಟು ಬಡಿಸಬೇಕಿತ್ತು. ಆ ಪೆಟ್ಟಿಗೆ ದೊಡ್ಡದು, ಗೋಡೆಯ ಪ್ಲಗ್ಗಿಗೆ ವೈರ್. ಮಗು ಎಲ್ಲಿ ಹೋದರೂ ವೈರ್ ಎಳೆದುಕೊಂಡು ಹೋಗಬೇಕು. 1957ರ ಅಕ್ಟೋಬರ್ 31ರಂದು ಊರಿನ ಕರೆಂಟ್ ಹೋಯಿತು. ಒಂದು ಮಗು ತೀರಿಕೊಂಡಿತು.

ಲಿಲಹೈ ಈ ರಿಪೇರಿಯವರನ್ನು ಕರೆದು ಬ್ಯಾಟರಿಯಲ್ಲಿ ನಡೆಯೋದು ಮಾಡಲು ಆಗುತ್ತಾ ಅಂತ ಕೇಳಿದರು. ಬ್ಯಾಕೆನ್ ಮನೆಗೆ ಹೋಗಿ ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆ ತಿರುವಿ ಹಾಕಿದರು. ಅದರಲ್ಲಿ ಸಂಗೀತ ಕಲಿಯುವವರಿಗೆ ತಾಳ ಹಾಕುವ ಮೆಟ್ರೊನೋಮಿನ ಸರ್ಕ್ಯೂಟ್ ಇತ್ತು. ತಾಳ ಹಾಕುವ ಸರ್ಕ್ಯೂಟನ್ನು ಎದೆಗೆ ಜೋಡಿಸಿದರೆ? ನಾಲ್ಕು ವಾರದಲ್ಲಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೇಸ್‌ಮೇಕರ್, ಅಂದರೆ ಹೃದಯ ಬಡಿಸುವ ಡಬ್ಬಿ, ತಯಾರಾಯಿತು. ಪ್ರಾಣಿಯ ಮೇಲೆ ಪರೀಕ್ಷೆ ಮಾಡೋಣ ಅಂತ ತಂದು ಕೊಟ್ಟರು. ಮಾರನೇ ದಿನ ಆಸ್ಪತ್ರೆಗೆ ಹೋಗಿ ನೋಡಿದರೆ ಅದು ಒಂದು ಮಗುವಿನ ಮೈಮೇಲಿದೆ! ಇನ್ನೂ ಒಳ್ಳೆಯದು ಮಾಡಿ ಕೊಡ್ತೀನಿ ಅನ್ನುವ ತನಕ ಕಾಯಲು ಲಿಲಹೈಗೆ ಮನಸ್ಸಿರಲಿಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ, ಮೈಯೊಳಗೆ ಇಡುವ ಪೇಸ್‌ಮೇಕರ್ ಮೊದಲು ಆಗಿದ್ದು ಸ್ವೀಡನ್ನಿನಲ್ಲಿ, 1958ರಲ್ಲಿ. ಅಮೆರಿಕದಲ್ಲಿ ಆ ಕೆಲಸ ಮಾಡಿದ ವಿಲ್ಸನ್ ಗ್ರೇಟ್‌ಬ್ಯಾಚ್ ನ್ಯೂಯಾರ್ಕ್ ರಾಜ್ಯದವರು, ಅವರ ಪೇಸ್‌ಮೇಕರ್ ತಯಾರಿಸುವ ಹಕ್ಕನ್ನು ಮೆಡ್‌ಟ್ರಾನಿಕ್ ಆಮೇಲೆ ಪಡೆಯಿತು. ನಾನು ಸುಳ್ಳು ಹೇಳಿ ಊರು ಹೊಗಳುವವನಲ್ಲ.

ನನಗೆ ಇದರಲ್ಲಿ ಯಾಕೆ ಇಷ್ಟು ಸಿಟ್ಟು ಅಂತ ಕೆಲವರಿಗೆ ಗೊತ್ತಿದೆ. ನಮ್ಮ ಅಪ್ಪನ ಎದೆಯಲ್ಲಿ ಪೇಸ್‌ಮೇಕರ್ ಇದೆ. ಇಲ್ಲಿ ಮೈನಸ್ ಇಪ್ಪತ್ತರಲ್ಲಿ ಕೂತು ದಾವಣಗೆರೆಗೆ ಫೋನ್ ಹಚ್ಚಿ "ಹೇಗಿದೀಯಪ್ಪಾ" ಅಂತ ಕೇಳುವಾಗ ಅವರು "ನನಗೇನಾಗುತ್ತೆ, ಒಳಗೆ ಬ್ಯಾಟರಿ ಇದೆಯಲ್ಲ" ಅಂತಾರೆ. ಇದನ್ನು ನಿನ್ನೆ ಅಲ್ಲಿ ಹೇಳಲಿಲ್ಲ. ಪಾಯಸ ತಿನ್ನುತ್ತಾ ನಿಂತವರ ಮುಂದೆ ಹೇಳುವ ಮಾತಲ್ಲ ಅದು. ಇಲ್ಲಿ ಬರೀತಾ ಇದ್ದೀನಿ, ಯಾಕೋ ಇಲ್ಲಿ ಸುಲಭ.

ಈಗ ನೀವು ಕೇಳ್ತೀರಿ, ಗೊತ್ತು. "ಚಿಪ್ಪು, ಫೋನು, ಸರ್ಚು ಎಲ್ಲಾ ಅಲ್ಲಿಂದಲೇ ಬಂತಲ್ಲ?" ಬಂತು. ಯಾರು ಇಲ್ಲ ಅಂದರು? ಆದರೆ ಕಂಪ್ಯೂಟರ್ ಅಂದರೆ ಅಲ್ಲಿ ಮಾತ್ರ ಅನ್ನಬೇಡಿ. 1964ರಲ್ಲಿ ಜಗತ್ತಿನ ಅತಿ ವೇಗದ ಕಂಪ್ಯೂಟರ್ ಅಂದರೆ ಸಿಡಿಸಿ 6600. ಮಾಡಿದ್ದು ಮಿನಿಯಾಪೊಲಿಸ್‌ನ ಕಂಟ್ರೋಲ್ ಡೇಟಾ ಕಂಪನಿ. ಅದನ್ನು ರೂಪಿಸಿದ ಸೀಮೋರ್ ಕ್ರೇ ಗಲಾಟೆ ಬೇಡ ಅಂತ ಲ್ಯಾಬನ್ನೇ ತನ್ನ ಹುಟ್ಟೂರಿಗೆ, ಗಡಿಯಾಚೆ ವಿಸ್ಕಾನ್ಸಿನ್‌ಗೆ, ಒಯ್ದಿದ್ದರು, ಅಷ್ಟನ್ನು ಒಪ್ಪಿಕೊಳ್ತೀನಿ. ಐಬಿಎಂನ ಮುಖ್ಯಸ್ಥ ಥಾಮಸ್ ವಾಟ್ಸನ್ ಸಿಟ್ಟಾಗಿ ತನ್ನವರಿಗೆ ಪತ್ರ ಬರೆದರು. ಕಸ ಗುಡಿಸುವವನೂ ಸೇರಿ 34 ಜನ ಇರುವ ಲ್ಯಾಬು ಇಂಥದ್ದು ಮಾಡಿದರೆ, ಇಷ್ಟು ದೊಡ್ಡ ನಾವು ಏನು ಮಾಡ್ತಾ ಇದ್ದೀವಿ ಅನ್ನುವ ಅರ್ಥದ ಪತ್ರ. ನನಗೆ ಬೇಸರ ಆದಾಗ ಓದಿಕೊಳ್ಳುವ ಪತ್ರ ಅದು.

ಇಂಟರ್‌ನೆಟ್ ವಿಷಯಕ್ಕೆ ಬಂದರೆ ಸ್ವಲ್ಪ ಹೊಟ್ಟೆ ಉರಿಯುತ್ತದೆ. 1991ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದವರು ಗೋಫರ್ ಅಂತ ಒಂದು ವ್ಯವಸ್ಥೆ ಮಾಡಿದರು. ಪಟ್ಟಿ ತೆಗೆದು ಒಂದೊಂದೇ ಆರಿಸುತ್ತಾ ಹೋದರೆ ಜಗತ್ತಿನ ಯಾವುದೋ ಮೂಲೆಯ ಕಡತ ನಿಮ್ಮ ಮುಂದೆ ಬರುತ್ತಿತ್ತು. ಕೆಲವು ಕಾಲ ವೆಬ್‌ಗಿಂತ ಇದೇ ಜನಪ್ರಿಯ. 1993ರಲ್ಲಿ ವಿಶ್ವವಿದ್ಯಾಲಯ ಇದನ್ನು ಬಳಸುವ ಕೆಲವರಿಂದ ಲೈಸೆನ್ಸ್ ಶುಲ್ಕ ಕೇಳುವ ಮಾತಾಡಿತು. ಅದೇ ವರ್ಷ ಏಪ್ರಿಲ್‌ನಲ್ಲಿ, ವೆಬ್ ಹುಟ್ಟಿದ ಸಂಶೋಧನಾ ಸಂಸ್ಥೆ ಸರ್ನ್‌ನವರು ವೆಬ್ ಎಲ್ಲರಿಗೂ ಪುಕ್ಕಟೆ ಅಂದರು. ಮುಗೀತು. ಆಫೀಸಿನ ಗುಮಾಸ್ತನ ಬುದ್ಧಿ ತೋರಿಸಿ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿಕೊಂಡರು. ಇದಕ್ಕೆ ಬೇಕಾದರೆ ನಗಿ, ನಾನೂ ಜೊತೆಗೆ ನಗ್ತೀನಿ. ಆದರೆ ವೆಬ್ ಹುಟ್ಟಿದ್ದು ಸ್ವಿಟ್ಜರ್‌ಲೆಂಡಿನಲ್ಲಿ, ನಿಮ್ಮ ಕಡೆ ಅಲ್ಲ. ಅದನ್ನೂ ನೆನಪಿಟ್ಟುಕೊಳ್ಳಿ.

ಇನ್ನು ಕೆಲವರದ್ದು ಬೇರೆ ರಾಗ. "ಚಳಿಗಾಲದಲ್ಲಿ ಹೊರಗೆ ಹೋಗಲು ಆಗಲ್ಲ, ಅದಕ್ಕೆ ಒಳಗೆ ಕೂತು ಏನೇನೋ ಕಂಡುಹಿಡಿದಿದ್ದಾರೆ." ಇದನ್ನು ಹೊಗಳಿಕೆ ಅಂದುಕೊಂಡು ಹೇಳ್ತಾರೆ. ಚಳಿಯಿಂದಲೇ ಬುದ್ಧಿ ಬರುವ ಹಾಗಿದ್ದರೆ ಫ್ರಿಜ್ಜಿನಲ್ಲಿಟ್ಟ ದೋಸೆಹಿಟ್ಟು ಇಷ್ಟು ಹೊತ್ತಿಗೆ ಪಿಎಚ್‌ಡಿ ಮಾಡಬೇಕಿತ್ತು. ಚಳಿಗೂ ಕೆಲವಕ್ಕೂ ಸಂಬಂಧ ಇದೆ, ಒಪ್ಪೋಣ. 1885ರಲ್ಲಿ ಆಲ್ಬರ್ಟ್ ಬಟ್ಜ್ ಒಲೆಯ ಗಾಳಿಬಾಗಿಲು ತಾನಾಗಿ ತೆರೆದು ಮುಚ್ಚುವ ಹಾಗೆ ಮಾಡಿದ್ದು, ಅದರಿಂದ ಮುಂದೆ ಹನಿವೆಲ್ ಕಂಪನಿ ಬೆಳೆದಿದ್ದು ಚಳಿಯಿಂದಲೇ. ಪೂರ್ತಿ ಮುಚ್ಚಿದ, ಒಳಗೆ ಸದಾ ಹಿತವಾದ ಹವೆ ಇರುವ ಮೊದಲ ಶಾಪಿಂಗ್ ಮಾಲ್, ಈಡೈನಾದ ಸೌತ್‌ಡೇಲ್, 1956ರಲ್ಲಿ ಬಂದಿದ್ದೂ ಅದಕ್ಕೇ. ಅದನ್ನು ಕಟ್ಟಿಸಿದ ಡೇಟನ್ ಮನೆತನದವರೇ 1962ರಲ್ಲಿ ರೋಸ್‌ವಿಲ್‌ನಲ್ಲಿ ಟಾರ್ಗೆಟ್ ಅಂಗಡಿ ಶುರು ಮಾಡಿದ್ದು. ಅದರ ಬೆಂಗಳೂರಿನ ಆಫೀಸಿನಲ್ಲಿ ನಿಮ್ಮ ಪರಿಚಯದವರು ಒಬ್ಬರಾದರೂ ಇರ್ತಾರೆ. ಮಾಲಿನ ನಕ್ಷೆ ಹಾಕಿದ ವಿಕ್ಟರ್ ಗ್ರುಯೆನ್ ಮಾತ್ರ ಆಮೇಲೆ ಮಾಲ್ ಅಂದರೆ ಮೂಗು ಮುರಿದು ದೂರ ಸರಿದರು. ಜಾಣ.

ಆದರೆ ವಾಟರ್ ಸ್ಕೀಯಿಂಗ್, ದೋಣಿಯ ಹಿಂದೆ ಹಲಗೆ ಮೇಲೆ ನಿಂತು ನೀರಲ್ಲಿ ಜಾರುವ ಆಟ, ಚಳಿಗಾಲದ್ದಾ? 1922ರ ಬೇಸಿಗೆಯಲ್ಲಿ 18 ವರ್ಷದ ರಾಲ್ಫ್ ಸ್ಯಾಮುಯೆಲ್‌ಸನ್ ಅಮ್ಮನ ಬಟ್ಟೆ ಬೇಯಿಸುವ ಹಂಡೆಯಲ್ಲಿ ಹಲಗೆಯ ತುದಿ ಕುದಿಸಿ ಬಗ್ಗಿಸಿಕೊಂಡು ಲೇಕ್ ಪೆಪಿನ್‌ಗೆ ಇಳಿದ. ಬ್ರೆಡ್ಡು ತಾನಾಗಿ ಎದ್ದು ಬರುವ ಟೋಸ್ಟರ್ ಚಳಿಗಾಲದ್ದಾ? ಸ್ಟಿಲ್‌ವಾಟರ್‌ನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಾ ಕರಕಲು ಬ್ರೆಡ್ಡು ತಿಂದು ರೇಗಿ ಹೋದ ಚಾರ್ಲ್ಸ್ ಸ್ಟ್ರೈಟ್ ಮಾಡಿದ್ದು, 1921ರಲ್ಲಿ ಪೇಟೆಂಟ್ ಸಿಕ್ಕಿತು. ಕ್ಯಾಂಟೀನ್ ಊಟಕ್ಕೆ ನಾವೂ ರೇಗಿದ್ದೀವಿ. ನಾವು ಎಚ್‌ಆರ್‌ಗೆ ಮೇಲ್ ಹಾಕಿದ್ವಿ, ಅವರು ಯಂತ್ರ ಮಾಡಿದರು.

ಗ್ರೇಹೌಂಡ್ ಬಸ್ಸಿನದ್ದೂ ಇದೇ ಕಥೆ. ಹಿಬ್ಬಿಂಗ್ ಅನ್ನುವ ಕಬ್ಬಿಣದ ಗಣಿಯ ಊರಲ್ಲಿ 1914ರಲ್ಲಿ ಕಾರ್ಲ್ ವಿಕ್‌ಮನ್ ಎಂಬ ಸ್ವೀಡನ್ನಿನ ವಲಸಿಗ, ಮಾರಲು ಹೋಗಿ ಮಾರಾಟವಾಗದೆ ಉಳಿದ ಕಾರಿನಲ್ಲಿ ಗಣಿ ಕೆಲಸದವರನ್ನು 15 ಸೆಂಟಿಗೆ ಪಕ್ಕದ ಊರಿಗೆ ಬಿಡಲು ಶುರು ಮಾಡಿದ. ಅಷ್ಟರಿಂದ ದೇಶಕ್ಕೆಲ್ಲಾ ಬಸ್ಸಾಯಿತು. ಕಾರ್ಗಿಲ್ ಕಂಪನಿಯ ಹೆಸರು ಹೇಳಲಿಲ್ಲ ಅಂತ ನಮ್ಮ ದಾವಣಗೆರೆಯವರು ತಗಾದೆ ತೆಗೆಯಬೇಡಿ. ಅದು ಅಲ್ಲಿ ಮೆಕ್ಕೆಜೋಳದ ಕಾರ್ಖಾನೆ ಇಟ್ಟಿದೆ, ಅದರ ಮುಖ್ಯ ಕಚೇರಿ ಇಲ್ಲೇ ಇದೆ, ಎಲ್ಲಾ ಸರಿ. ಹುಟ್ಟಿದ್ದು ಮಾತ್ರ ಪಕ್ಕದ ಅಯೋವಾದಲ್ಲಿ. ಲೆಕ್ಕ ಅಂದರೆ ಲೆಕ್ಕ.

ಒಬ್ಬರ ಹೆಸರು ಮಾತ್ರ ಹೇಳದೆ ಬಿಡಲಾರೆ. ಫ್ರೆಡ್ರಿಕ್ ಮೆಕಿನ್ಲಿ ಜೋನ್ಸ್. ಕಪ್ಪು ಜನಾಂಗದವರು, ಚಿಕ್ಕಂದಿನಲ್ಲೇ ಅನಾಥರಾದವರು, ಶಾಲೆ ಹೆಚ್ಚು ಕಂಡವರಲ್ಲ. ಕೆನಡಾ ಗಡಿಯ ಹತ್ತಿರದ ಹ್ಯಾಲಕ್ ಎಂಬ ಊರಲ್ಲಿ ಹೊಲದ ಯಂತ್ರಗಳ ರಿಪೇರಿ ಮಾಡುತ್ತಾ ತಾವಾಗಿಯೇ ಎಲೆಕ್ಟ್ರಾನಿಕ್ಸ್ ಕಲಿತರು. ಆಮೇಲೆ ಮಿನಿಯಾಪೊಲಿಸ್‌ನಲ್ಲಿ ಸಿನಿಮಾ ಸೌಂಡಿನ ಯಂತ್ರ ಮಾಡುವ ಜೋಸೆಫ್ ನ್ಯೂಮೆರೊ ಹತ್ತಿರ ಕೆಲಸ. ಲಾರಿಯ ಮಾಲು ಬಿಸಿಲಿಗೆ ಕೆಟ್ಟು ಹೋಯಿತು ಅಂತ ನ್ಯೂಮೆರೊಗೆ ಪರಿಚಯದವರೊಬ್ಬರು ಗೋಳಾಡಿದ್ದರು. ರಸ್ತೆಯ ಕುಲುಕಾಟ ತಡೆಯುವ ತಂಪು ಯಂತ್ರ ಲಾರಿಗೆ ಆಗಲ್ಲ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಜೋನ್ಸ್ ಮಾಡಿದರು.  ಕಂಪನಿ ಥರ್ಮೋ ಕಿಂಗ್. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಆಹಾರ, ಔಷಧಿ ಕೆಡದೆ ತಲುಪಲು ಅವರ ಯಂತ್ರಗಳು ನೆರವಾದವು. 60ಕ್ಕೂ ಹೆಚ್ಚು ಪೇಟೆಂಟ್ ಅವರ ಹೆಸರಲ್ಲಿವೆ. 1961ರಲ್ಲಿ ತೀರಿಕೊಂಡರು. ರಾಷ್ಟ್ರೀಯ ತಂತ್ರಜ್ಞಾನ ಪದಕ ಕೊಟ್ಟಿದ್ದು 1991ರಲ್ಲಿ. ಅಂದರೆ ಇವರನ್ನು ಮರೆಯುವ ವಿಷಯದಲ್ಲಿ ದೇಶವೇ ನಮ್ಮವರಿಗಿಂತ ಮುಂದಿತ್ತು.

ಜನವರಿಯಲ್ಲಿ ಹಿಮ ಮೊಣಕಾಲುದ್ದ ಬಿದ್ದಿರುವಾಗ ಇಂಡಿಯನ್ ಸ್ಟೋರಿನಲ್ಲಿ ಬೆಂಡೆಕಾಯಿ ತುದಿ ಮುರಿದು "ಎಳೆಯದಲ್ಲ" ಅಂತ ಮುಖ ಕಿವುಚುವವರೇ, ಆ ಬೆಂಡೆಕಾಯಿ ಸಾವಿರಾರು ಮೈಲಿ ತಂಪು ಲಾರಿಯಲ್ಲಿ ಬಂದಿದ್ದು. "ಇಲ್ಲಿ ಏನಿದೆ" ಅಂತ ಅದನ್ನೇ ಹುರಿದು ತಿಂದು ಕೇಳ್ತೀರಲ್ಲ!

"ಇವೆಲ್ಲಾ ಹಳೆಯ ಕಥೆ, ಈಗ ಏನಿದೆ?" ಅನ್ನುವವರಿಗೆ ಉತ್ತರ ಕೊಡುವ ತಾಳ್ಮೆ ಇಲ್ಲ. ಅವರಿಗೆ ಬೇಕಾಗಿರೋದು ಶೇರಿನ ಬೆಲೆ ಅಷ್ಟೇ. ಇಲ್ಲಿನ ಜನಕ್ಕೂ ತಮ್ಮ ಬಗ್ಗೆ ಹೇಳಿಕೊಳ್ಳಲು ಬರಲ್ಲ, ಅದು ಬೇರೆ ಗೋಳು. ನಮ್ಮ ಪಕ್ಕದ ಮನೆಯ ಅಜ್ಜ ತ್ರೀಎಂನಲ್ಲಿ ಇಡೀ ಜೀವನ ಕೆಲಸ ಮಾಡಿದವರು. ಏನು ಕೆಲಸ ಅಂತ ಕೇಳಿದರೆ "ಅಂಟು" ಅಂತಾರೆ. ಅಷ್ಟೇ. ಮುಂದೆ ಬಾಯಿ ಬಿಡಿಸಲು ನನ್ನಿಂದ ಆಗಿಲ್ಲ.

ಕ್ಯಾಲಿಫೋರ್ನಿಯಾದ ಗೆಳೆಯರು ಕೆಳಗೆ ಧಾರಾಳವಾಗಿ ಜಗಳ ಆಡಿ. ನಿಮ್ಮೂರಿನ ಇವತ್ತಿನ ಬಿಸಿಲಿನ ಸ್ಕ್ರೀನ್‌ಶಾಟ್ ಮಾತ್ರ ಹಾಕಬೇಡಿ, ಡಿಲೀಟ್ ಮಾಡ್ತೀನಿ.